ಎವರಿಸ್ತೊ ಮುಗಿಸಿದ ಆಂಪ್ಲಿಫೈಯರ್

ನನ್ನ ಗೆಳೆಯ ಎವರಿಸ್ತೊ ಭಾನುವಾರ ತೀರಿಕೊಂಡ. ನಮ್ಮೂರು ಬರಾಂಕಿಯಾದಲ್ಲಿ ಮನೆಯಲ್ಲೇ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರು ಬಹಳ ಜನ; ಒಂದನ್ನೂ ಮುಗಿಸದವನು ಇವನೊಬ್ಬನೇ. ಬೆಸುಗೆ ಹಾಕಿ, ಹಾಡು ಹಚ್ಚಿ, ‘ಗುಂಯ್ ಅಂತಿದೆ ಕಣೋ’ ಎಂದು ಮತ್ತೆ ಎಲ್ಲ ಬಿಚ್ಚುತ್ತಿದ್ದ. ‘ಗುಂಯ್ ಅನ್ನೋದು ನಿನ್ನ ತಲೇಲಿರೋ ಸೊಳ್ಳೆ, ಮುದುಕಾ! ನಾನು ಸಾಯೋದ್ರೊಳಗೆ ಒಂದು ಹಾಡಾದ್ರೂ ಪೂರ್ತಿ ಕೇಳಿಸು’ ಎಂದು ಅವನ ಹೆಂಡತಿ ನೂಬಿಯಾ ಬೈಯುತ್ತಿದ್ದಳು. ಅವನ ಕಿವಿ ಹೋಗಿ ವರ್ಷಗಳಾಗಿದ್ದವು. ಸ್ಪೀಕರಿನ ಕಾಗದಕ್ಕೆ ಬೆರಳು ತಾಗಿಸಿ ಆ ಸದ್ದನ್ನು ಹುಡುಕುತ್ತಿದ್ದ. ಹಾಡನ್ನು ನಮ್ಮ ಮುಖದಲ್ಲಿ ಕೇಳುತ್ತಿದ್ದ. ಶನಿವಾರ ಬೆರಳಿಗೆ ಆ ಗುಂಯ್ ಸಿಗಲಿಲ್ಲ. ನಮ್ಮ ಕಡೆ ಜೋಡಿಯಾಗಿ ಕುಣಿಯುವ ಕುಂಬಿಯಾ ಹಾಡು ಶುರುವಾಯಿತು. ನೂಬಿಯಾಳ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ ಎದ್ದು, ಅವಳ ಹೆಜ್ಜೆ ನೋಡಿಕೊಂಡು, ಹಾಡು ಮುಗಿಯುವವರೆಗೂ ಅವಳ ಜೊತೆ ಕುಣಿದ.