ಸೋತವರ ಎದೆಯ ಮೇಲೆ ಬಿದ್ದ ಪಟಕಾ

ನನ್ನ ಗಂಡ ತಲೆಯ ಮೇಲಿನ ಪಟಕಾ ಕಿತ್ತು ಗಾಳಿಗೆ ಹಾರಿಸಿಯೇ ಬಿಟ್ಟರು!

ಆ ದಿನ ಬೆಳಿಗ್ಗೆಯಷ್ಟೇ ನಮ್ಮಪ್ಪ ಹೊಸ ಅಳಿಯನಿಗೆಂದು ತಂದು, ತಮ್ಮ ಕೈಯಾರೆ ಸುತ್ತಿದ್ದ ಕೆಂಪು ರುಮಾಲಿನ ಪಟಕಾ ಅದು. ಮಾಳಿಗೆಯ ಮೇಲೆ ನಿಂತಿದ್ದ ನಾನು "ಓ ಗಾಡ್!" ಎಂದು ಕಿರುಚಿದೆ.

ಎಂಬತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಮೂರು ತಿಂಗಳು, ಮೊದಲನೆಯ ಪಂಚಮಿ. ಹಬ್ಬಕ್ಕೆಂದು ಆಳಂದ ತಾಲೂಕಿನ ತವರೂರಿಗೆ ಬಂದಿದ್ದೆ. ಕರೆದೊಯ್ಯಲು ಇವರು ಚೌಡಾಪುರದಿಂದ ಬಂದಿದ್ದರು.

ಗುಲ್ಬರ್ಗಾದ ಹಾಸ್ಟೆಲ್ಲಿನಲ್ಲಿದ್ದು ಇಂಗ್ಲಿಷ್ ಮೀಡಿಯಂ ಓದಿದವಳು ನಾನು. ತವರಿಗೆ ಬಂದ ಹತ್ತೇ ದಿನದಲ್ಲಿ ಇವರಿಗೆ ಏಳು ಲೆಟರ್ ಬರೆದಿದ್ದೆ, ಮನೆಯಲ್ಲಿ ಯಾರೂ ಓದಬಾರದೆಂದು ಎಲ್ಲವೂ ಇಂಗ್ಲಿಷಿನಲ್ಲೇ... ಅಷ್ಟು ಹುಚ್ಚು!

ಹಬ್ಬದ ಮರುದಿನ ನಮ್ಮ ಮನೆ ಎದುರಿನ ಊರ ಬಯಲಿನಲ್ಲಿ ಕುಸ್ತಿ, ಮನೆಯ ಹೆಂಗಸರೆಲ್ಲ ಮಾಳಿಗೆಯ ಮೇಲೆ. ಕೊನೆಯ ಜೋಡಿ ನಮ್ಮೂರ ಮೈಬೂಬಣ್ಣ ಮತ್ತು ಇವರೂರಿನ ಪೈಲ್ವಾನ. ಅಪ್ಪ ಅಳಿಯನನ್ನು ತಮ್ಮ ಪಕ್ಕದಲ್ಲೇ, ನಮ್ಮೂರ ಹಿರಿಯರ ಸಾಲಿನಲ್ಲಿ ಕೂರಿಸಿಕೊಂಡಿದ್ದರು.

ಹಲಗೆ ವಾದ್ಯ ಜೋರಾಗಿ ಮೊಳಗುತ್ತಿತ್ತು. ನೋಡನೋಡುತ್ತಲೇ ಮೈಬೂಬಣ್ಣ ಅಂಗಾತ ಬಿದ್ದರು. ಎರಡೂ ಭುಜ ನೆಲಕ್ಕೆ ಹತ್ತಿದವೆಂದು ಪಂಚರು ಚೌಡಾಪುರದವನ ಕೈ ಎತ್ತಿದರು.

ನಮ್ಮ ಸೀಮೆಯಲ್ಲಿ ಗೆದ್ದ ಪೈಲ್ವಾನನಿಗೆ ಪಟಕಾ ಸುತ್ತುವುದು, ಅವನ ಊರಿನವರು ತಮ್ಮ ಪಟಕಾ ಹಾರಿಸುವುದು ರೂಢಿ. ಇವರೂ ಹಾರಿಸಿದರು. ತಾವು ಯಾರ ಸಾಲಿನಲ್ಲಿ ಕೂತಿದ್ದೇವೆ, ತಲೆಯ ಮೇಲಿನದು ಯಾರು ಸುತ್ತಿದ್ದು ಎಂಬುದೆಲ್ಲ ಮರೆತೇ ಹೋಗಿತ್ತು.

ಪಟಕಾ ಸುರುಳಿ ಬಿಚ್ಚಿಕೊಂಡು ಹೋಗಿ, ಮಣ್ಣಿನಲ್ಲಿ ಬಿದ್ದಿದ್ದ ಮೈಬೂಬಣ್ಣನ ಎದೆಯ ಮೇಲೇ ಬಿತ್ತು.

"ತಲಿ ಮ್ಯಾಲ ಇಟ್ಟ ಮರ್ಯಾದಿ ಮಣ್ಣಾಗ ಒಗದಾನ ನೋಡ್ರಲೇ!" ಎಂದು ಯಾರೋ ಕೂಗಿದರು.

ಅಷ್ಟೇ. ಇವರ ಕಾಲರಿಗೆ ಒಬ್ಬ ಕೈ ಹಾಕುತ್ತಾನೆ, ಬಿಡಿಸಲು ಚೌಡಾಪುರದವರು ನುಗ್ಗುತ್ತಾರೆ, ಚಪ್ಪಲಿ ಹಾರುತ್ತವೆ, ಮಣ್ಣಿನ ಹೆಂಟೆ ಹಾರುತ್ತವೆ. ಇವರ ಬಿಳಿ ಅಂಗಿ ಆ ಗದ್ದಲದಲ್ಲಿ ಎಲ್ಲಿದೆಯೋ ನನಗೆ ಕಾಣುತ್ತಿಲ್ಲ...

ಹಿರಿಯರು ಬಿಡಿಸಿ ಕಳಿಸಿದಾಗ ಇವರ ಅಂಗಿ ಹರಿದಿತ್ತು, ತಲೆ ಬರಿದಾಗಿತ್ತು. ಬಂದವರೇ ಪಡಸಾಲೆಯಲ್ಲಿ ಕೂತರು. ಅಪ್ಪ ಹಿತ್ತಲಲ್ಲಿ ಕೂತರು. ನಡುವೆ ಅಡುಗೆಮನೆಯಲ್ಲಿ ನಾನು.

ಅಲ್ಲೂ ಕುಸ್ತಿಯದೇ ಮಾತು. "ಭುಜ ನೆಲಕ್ಕ ಹತ್ತೇ ಇಲ್ಲ ಬೇ, ಪಂಚರು ಮೋಸ ಮಾಡ್ಯಾರ. ನಾ ಕಣ್ಣಾರೆ ನೋಡೇನಿ," ಎಂದರು ನಮ್ಮಜ್ಜಿ.

"ಆಯಿ, ನಿನಗ ಮುಂದಿನ ಒಲಿ ಕಾಣಂಗಿಲ್ಲ, ಅಷ್ಟು ದೂರದ ಭುಜ ಕಾಣ್ತೇನು?" ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ ಅಪ್ಪ ಆಗಲೇ ಹೇಳಿಯಾಗಿತ್ತು: "ನಾಳಿ ಮುಂಜಾನಿ ಬಸ್ಸಿಗೆ ಅಂವ ಹೋಗ್ಲಿ. ಮಗಳನ್ನ ನಾ ಕಳಸಂಗಿಲ್ಲ."

ನಾನು ಓಡಿ ಹೋಗಿ ಇವರನ್ನು ಬೇಡಿಕೊಂಡೆ, ಪ್ಲೀಸ್, ಒಂದೇ ಒಂದು ಸಲ ಸಾರಿ ಹೇಳಿಬಿಡಿ ಎಂದು.

"ಪಟಕಾ ಒಗದದ್ದು ತಪ್ಪು, ಅದಕ್ಕ ಮಾಫಿ ಕೇಳ್ತೇನಿ," ಎಂದರು. "ಆದರ ನಮ್ಮಾಂವ ಮೋಸದಿಂದ ಗೆದ್ದಾನ ಅಂತ ನಾ ಒಪ್ಪಬೇಕಂತಾರ ನಿಮ್ಮಪ್ಪ. ಅದೊಂದು ನನ್ನ ಬಾಯಾಗ ಬರಂಗಿಲ್ಲ."

ನನ್ನ ಟ್ರಂಕ್ ಬಾಗಿಲ ಬಳಿಯೇ ಇತ್ತು. ಅದನ್ನು ನೋಡುತ್ತಾ ಅಳುತ್ತಲೇ ಇದ್ದೆ...

ಹೊತ್ತು ಮುಳುಗುವ ಮೊದಲು ಮೈಬೂಬಣ್ಣ ಬಂದರು. ಕಿವಿಯಲ್ಲಿ ಇನ್ನೂ ಕೆಮ್ಮಣ್ಣು. ಕಂಕುಳಲ್ಲಿ ಝಾಡಿಸಿ ಮಡಚಿದ ಆ ಪಟಕಾ. ಅವರ ಹಿಂದೆಯೇ ಅರ್ಧ ಊರು, ಇನ್ನೊಂದು ಕುಸ್ತಿ ನೋಡಲು ಬಂದಂತೆ.

ಅವರು ಅಪ್ಪನನ್ನು ಪಡಸಾಲೆಗೆ ಕರೆಸಿದರು. "ಕಾಕಾ, ಸೋತಾಂವ ನಾನು. ನನಗಿಲ್ಲದ ಸಿಟ್ಟು ನಿಮಗ್ಯಾಕ್ರಿ?"

"ನೀ ಸೋತಿಲ್ಲೋ ಮೈಬೂಬ, ಭುಜ ಹತ್ತಿಲ್ಲ!" ಎಂದು ಹೊರಗಿನಿಂದ ಯಾರೋ ಕೂಗಿದರು.

ಮೈಬೂಬಣ್ಣ ತಿರುಗಿ ನೋಡಿದರು. "ಭುಜ ನಂದೋ ನಿಂದೋ? ಹತ್ತೇದ. ಎರಡೂ ಹತ್ಯಾವ. ನಾ ಚಿತ್ ಆಗೇನಿ."

ಊರಿಗೆ ಊರೇ ಅವರ ಪರವಾಗಿ ಹೊಡೆದಾಡಿತ್ತು, ಸುಮ್ಮನಿದ್ದರೆ ಸಾಕಿತ್ತು... ಅವರು ಸುಮ್ಮನಿರಲಿಲ್ಲ.

ಆಮೇಲೆ ಇವರ ಮುಂದೆ ಬಂದು ನಿಂತರು. "ಗೆದ್ದಾಂವಗ ಸಿಗೋ ಪಟಕಾ ಈ ಸಲ ಸೋತಾಂವಗ ಸಿಕ್ಕದ. ಅಂದ್ರ ಈಗ ಇದು ನಂದು. ನಂದು ನಾ ಯಾರಿಗೆ ಬೇಕಾದ್ರೂ ಸುತ್ತತೇನಿ. ಬಗ್ಗರಿ ಅಳಿಯಾರ."

ಇವರು ಬಗ್ಗಿದರು. ಅಷ್ಟು ದೊಡ್ಡ ಕೈಗಳು, ಸುತ್ತಿದ್ದು ಮಾತ್ರ ಎಷ್ಟು ಸೊಟ್ಟ! ಒಂದು ಕಿವಿ ಪೂರ್ತಿ ಮುಚ್ಚಿಹೋಯಿತು.

ಅಪ್ಪ ಎದ್ದು ಬಂದು, "ಸರಿ ಅತ್ಲಾಗ. ಕುಸ್ತಿ ಬಂದ್ರ ಪಟಕಾ ಸುತ್ತಾಕ ಬರತದೇನು?" ಎನ್ನುತ್ತಾ ಎಲ್ಲ ಬಿಚ್ಚಿ ತಾವೇ ಮತ್ತೆ ಸುತ್ತತೊಡಗಿದರು.

ಇವರು ಬಗ್ಗಿದವರು ಹಾಗೇ ಅಪ್ಪನ ಕಾಲು ಮುಟ್ಟಿದರು. "ತಪ್ಪಾತ್ರಿ ಮಾವಾರ."

"ಅಲ್ಲಾಡಬ್ಯಾಡ್ರಿ, ಮಡಿಕಿ ಕೆಡತದ," ಎಂದರು ಅಪ್ಪ.

ಮರುದಿನ ಮುಂಜಾನೆಯ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ. ಟ್ರಂಕ್ ಕಾಲ ಕೆಳಗೆ, ಪಂಚಮಿಯ ಸಿಹಿ ಉಂಡಿಯ ಡಬ್ಬಿ ತೊಡೆಯ ಮೇಲೆ. ಚೌಡಾಪುರ ಬರುವವರೆಗೂ ಇವರು ಪಟಕಾ ತೆಗೆಯಲೇ ಇಲ್ಲ!

ನಿನ್ನೆ ಫೋನಿನಲ್ಲಿ ಒಂದು ವಿಡಿಯೋ ಬಂತು. ಯಾವುದೋ ದೇಶದ ಪಂಜರದ ಫೈಟ್, ಮುಗಿದ ಮೇಲೆ ಎರಡೂ ಕಡೆಯವರ ಹೊಡೆದಾಟ. ಕೆಳಗೆ ಕಾಮೆಂಟ್ ಮೇಲೆ ಕಾಮೆಂಟ್, ಎಲ್ಲರೂ ನಮ್ಮಜ್ಜಿಯ ಹಾಗೆ ಕಣ್ಣಾರೆ ಕಂಡವರೇ.

ಇವರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ನನಗೆ ಮೈಬೂಬಣ್ಣ ನೆನಪಾದರು. ಅವರಿಗೆ ಸರಿಯಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು. ಆ ದಿನ ಚಹಾ ಕೊಟ್ಟು ಒಳಗೆ ಓಡಿದ್ದೆ.

ನಿಮಗಾಗಿ ಸೋಲು ಒಪ್ಪಿಕೊಂಡವರು ನಿಮ್ಮ ಬದುಕಿನಲ್ಲೂ ಯಾರಾದರೂ ಇದ್ದಾರಾ? ಅವರಿಗೆ ನೀವಾದರೂ ಥ್ಯಾಂಕ್ಸ್ ಹೇಳಿದ್ದೀರಾ?