ಪಿಸುಮಾತಿನ ಚರಗ

ನನ್ನ ದುರ್ಬೀನಿಗೆ ಒಂದೇ ಕಣ್ಣು. ಲೆಕ್ಕಕ್ಕೆ ಎರಡಿವೆ, ಆದರೆ ಎಡಗಡೆಯದಕ್ಕೆ ಒಳಗೆ ಬೂಷ್ಟು ಹಿಡಿದು, ಅದರಲ್ಲಿ ನೋಡಿದರೆ ಲೋಕವೆಲ್ಲ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಲಿಂಗಸೂಗೂರಿನ ದಂಡಿನ ಛಾವಣಿಯಲ್ಲಿ ಯಾವನೋ ಸಾಹೇಬ ಬಿಟ್ಟುಹೋದ ಮಾಲು ಅದು. ಕೈಯಿಂದ ಕೈಗೆ ದಾಟಿ ಸಂತೆಗೆ ಬಂದು ನನ್ನ ಕೊರಳಿಗೆ ಬಿತ್ತು. ಮಾರಿದವನು ಬಲಗಡೆಯ ಕಣ್ಣನ್ನಷ್ಟೇ ಒರೆಸಿ ತೋರಿಸಿದ, ನಾನೂ ಬಲಗಡೆಯದರಲ್ಲಷ್ಟೇ ನೋಡಿದೆ. ಅಂದಿನಿಂದ ಹಕ್ಕಿಗಳ ವಿಷಯದಲ್ಲಿ ನನಗೆ ಅರ್ಧ ಖಾತ್ರಿ, ಅರ್ಧ ಮಬ್ಬು.

ಸಿಂಧನೂರಿನ ಬಜಾರದಲ್ಲಿ ನನ್ನದು ಹೊಲಿಗೆ ಅಂಗಡಿ. ಶಾಲೆ ನಾಲ್ಕನೆಯ ಇಯತ್ತೆಗೇ ಬಿಟ್ಟವನು, ಅದೂ ಉರ್ದು ಶಾಲೆ. ಕನ್ನಡದಲ್ಲಿ ಬರೆಯುವುದನ್ನು ಯಾರೂ ಕಲಿಸಲಿಲ್ಲ, ನಾನೇ ಕಲಿತೆ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನನ್ನ ಮಷೀನು ಊರಿನ ಬಾಕಿ ಮಷೀನುಗಳಿಗಿಂತ ಮೊದಲು ಶುರುವಾಗುತ್ತದೆ, ಎಲ್ಲಕ್ಕಿಂತ ಕಡೆಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಮಾತ್ರ ಈ ಮಾತಿನ ಮೊದಲರ್ಧ ಸುಳ್ಳು. ಆಗ ಬೆಳಗಾದರೆ ಕಂಬಳಿ ಹೊದ್ದು ಹೊಸ ಕಾಲುವೆಯ ಏರಿಯ ಮೇಲೆ ಹೋಗಿ ಕೂಡುತ್ತೇನೆ. ಹಿಂದೆ ಈ ಭಾಗದಲ್ಲಿ ನೀರಿನ ಹಕ್ಕಿ ನೋಡಬೇಕೆಂದರೆ ಕೆರೆಯಿಂದ ಕೆರೆಗೆ ಅಲೆಯಬೇಕಿತ್ತು. ಕಾಲುವೆಗೆ ನೀರು ಬಿಟ್ಟ ಮೇಲೆ ಹಕ್ಕಿಗಳೇ ನಮ್ಮ ಕಡೆಗೆ ವಿಚಾರಿಸಿಕೊಂಡು ಬರತೊಡಗಿವೆ.

ತಿರುಗಿ ಬರುವಾಗ ಖಾದರ್ ಸಾಬನ ಚಹಾದ ಅಂಗಡಿ ದಾಟಿಯೇ ಬರಬೇಕು.

"ಏನ್ ದರ್ಜಿ, ಇವತ್ತ ಯಾವ ಹಕ್ಕೀದು ಅಳತಿ ತಗೊಂಡಿ?" ಅನ್ನುತ್ತಾನೆ.

ಅವನ ತಮಾಷೆಯಲ್ಲಿ ತಪ್ಪಿಲ್ಲ. ಹಕ್ಕಿಗಳ ಪುಸ್ತಕ ನಾನು ಕಂಡವನಲ್ಲ. ನನಗೆ ತಿಳಿದದ್ದು ಬಟ್ಟೆ. ಆದ್ದರಿಂದ ಬಾತು ಬಂದರೆ ಇದು ಖಾಕಿ, ಇದು ಮಸ್ಲಿನ್ನು ಎಂದು ಗುರುತಿಟ್ಟುಕೊಳ್ಳುತ್ತೇನೆ. ಕರ್ಕರವನ್ನೇ ನೋಡಿರಿ. ಚಳಿಗಾಲಕ್ಕೆ ಎಲ್ಲಿಂದಲೋ ಗುಂಪುಗಟ್ಟಿ ಬರುವ ಎತ್ತರದ ಹಕ್ಕಿ. ಮೈ ಮೋಡದ ಬಣ್ಣದ ಸರ್ಜು, ಕೊರಳಿಗೆ ಕರೀ ಮಖಮಲ್ಲಿನ ಪಟ್ಟಿ, ಕಣ್ಣಿನ ಹಿಂದೆ ಬಿಳೀ ಕುಚ್ಚು. ಹಿಂದುಗಡೆ ರೆಕ್ಕೆಯ ತುದಿ ಮಾತ್ರ ಶೇರವಾನಿಯ ಹಾಗೆ ಜೋತಾಡುತ್ತದೆ. ನಾನಾಗಿದ್ದರೆ ಅದನ್ನು ಎರಡು ಬೆರಳಿನಷ್ಟು ಕತ್ತರಿಸುತ್ತಿದ್ದೆ.

ದುರ್ಬೀನು ಹಿಡಿದು ಕೂತವನಿಗೆ ಎಲ್ಲ ಕಾಲವೂ ಒಳ್ಳೆಯದಲ್ಲ. ನಿಜಾಮಶಾಹಿ ಮುಗಿದ ಮರುವರ್ಷ ಕೆರೆಯ ದಂಡೆಯಲ್ಲಿ ಪೊಲೀಸ್ ಜಮಾದಾರನೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿದ. "ಯಾರನ್ನ ನೋಡಾಕತ್ತೀಲೇ?" ಎಂದ. "ಬಾತ ರೀ" ಎಂದೆ. ದುರ್ಬೀನು ಕಸಿದುಕೊಂಡು ಎಡಗಡೆಯ ಕಣ್ಣಲ್ಲಿ ನೋಡಿದ. ಬಹಳ ಹೊತ್ತು ನೋಡಿದ. "ಏನೂ ಕಾಣವಲ್ದು, ಹೋಗು ಮನೀಗೆ" ಎಂದು ಬಿಟ್ಟುಬಿಟ್ಟ. ಬೂಷ್ಟಿನಿಂದ ಬದುಕಿದೆ.

ನೋಡಿದ್ದನ್ನು ಬರೆದು ವಾರಪತ್ರಿಕೆಗೆ ಕಳಿಸುತ್ತೇನೆ. ಮಸ್ಕಿಯ ಗುಡ್ಡದಲ್ಲಿ ಹಳೆಯ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಬಂಡೆಗಲ್ಲಿನ ಮೇಲೆ ಕೊರೆಸಿದ್ದಾನಷ್ಟೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ನನ್ನ ಮಾತು ಅಚ್ಚಾದ ವಾರಕ್ಕೆ ಖಾದರ್ ಸಾಬನ ಮಿರ್ಚಿಭಜಿಯ ಎಣ್ಣೆ ಕುಡಿಯುತ್ತಿರುತ್ತದೆ. ಆದರೆ ಒಂದು ಸಮಾಧಾನ. ಬಂಡೆಯ ಮಾತನ್ನು ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ, ಭಜಿಯ ಕಾಗದವನ್ನು ತಿನ್ನುತ್ತ ತಿನ್ನುತ್ತ ಎಲ್ಲರೂ ಓದುತ್ತಾರೆ.

ಓದಿದ್ದರಿಂದಲೇ ಫಜೀತಿಯಾಯಿತು. 'ಕರ್ಕರ ನಮ್ಮ ಮನೆಗೆ ಬಂದ ಅತಿಥಿ' ಎಂದು ನಾನು ಬರೆದದ್ದು ಗೊರೇಬಾಳಕ್ಕೆ ಹೋಯಿತು. ಗೊರೇಬಾಳ ನನ್ನ ಹೆಂಡತಿ ಗಂಗವ್ವನ ತವರು. ಮಾವ ವೀರಭದ್ರಪ್ಪನವರಿಗೆ ಅಲ್ಲಿ ಕರೀ ಮಣ್ಣಿನ ಎರೀ ಹೊಲ, ಅದರಲ್ಲಿ ಜೋಳ ಮತ್ತು ಕಡ್ಲಿ. ಕರ್ಕರದ ಹಿಂಡು ಇಳಿದರೆ ಕಡ್ಲಿಯ ಗತಿ ಏನೆಂದು ರೈತರಿಗೆ ಹೇಳಬೇಕಾಗಿಲ್ಲ. ಮಾವನವರ ತಮ್ಮನ ಮಗ ಬಸಲಿಂಗ ನನ್ನ ಬರಹವನ್ನು ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಓದಿ ಹೇಳಿದನಂತೆ. "ದೊಡ್ಡಪ್ಪಾ, ನಿನ್ನ ಅಳಿಯಗ ಅವು ಬೀಗರಂತ. ಹಂಗಾರ ಅಂಗಡ್ಯಾಗ ಕರಕೊಂಡು ಹೋಗಿ ಎಲಿ ಹಾಕ್ಲಿ!" ಅಂದನಂತೆ. ಮಾವನವರು ನಕ್ಕರೋ ಸಿಟ್ಟಾದರೋ, ಸುದ್ದಿ ತಂದವರು ಅದನ್ನು ಹೇಳಲಿಲ್ಲ.

ಇಷ್ಟಾದ ಮೇಲೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬಂತು.

ಅಂದು ಏನು ನಡೆಯುತ್ತದೆಂದು ನಮ್ಮ ಕಡೆಯವರಿಗೆ ಗೊತ್ತು, ದೂರದವರಿಗಾಗಿ ಹೇಳುತ್ತೇನೆ. ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು, ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡುವುದು, ಸಜ್ಜಿ ಕಡಬು, ಪುಂಡಿಪಲ್ಯ, ಜೋಳದ ನುಚ್ಚಿನ ಬಾನ ಎಲ್ಲವನ್ನೂ ಕಲಸಿ ಬುಟ್ಟಿಗೆ ತುಂಬಿ ಹೊಲದ ಸುತ್ತ ಚೆಲ್ಲುವುದು. ಅದೇ ಚರಗ. ಬುಟ್ಟಿ ಹಿಡಿದವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗೋ" ಎನ್ನಬೇಕು. ಇವುಗಳ ಅರ್ಥವೇನೆಂದು ನಾನು ಸಾಲಗುಂದದ ತನಕ ಹೋಗಿ ಮುದುಕರನ್ನು ಕೇಳಿದ್ದೇನೆ. "ಅರ್ಥ ಯಾತಕ್ಕೋ ತಮ್ಮಾ, ಗಂಟಲ ಐತಿಲ್ಲೋ?" ಅಂದರು. ನನ್ನ ಗೊಂದಲ ಬೇರೆ. ಚೆಲ್ಲುವ ಅನ್ನ ಹಕ್ಕಿಪಕ್ಕಿಗಳ ಪಾಲು, ಕೂಗುವ ಕೂಗಿಗೆ ಹಕ್ಕಿಪಕ್ಕಿಯೆಲ್ಲ ಎದ್ದು ಓಡುತ್ತವೆ. ಕೈ ಕರೆಯುತ್ತದೆ, ಬಾಯಿ ಅಟ್ಟುತ್ತದೆ. ಇದು ಯಾವ ನಮೂನೆಯ ಆತಿಥ್ಯ?

ಆ ಸಲ ಮಾವನವರಿಗೆ ನೆಗಡಿಯಾಗಿ ಗಂಟಲು ಪೂರಾ ಕೂತುಬಿಟ್ಟಿತ್ತು. ಗಾಳಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಬಂಡಿಯಲ್ಲಿ ಗಂಗವ್ವ ನನ್ನ ಪಕ್ಕಕ್ಕೆ ಸರಿದಳು.

"ಅಪ್ಪ ಬುಟ್ಟಿ ನಿಮ್ಮ ಕೈಯಾಗ ಕೊಡತಾನಂತ. ಬಸಲಿಂಗ ಕಾಯಾಕತ್ತಾನ ನೋಡ್ರಿ, ಎಲ್ಲಿ ಎಡವತೀರಿ ಅಂತ."

"ಕೊಡಲಿ. ಅದರಾಗೇನೈತಿ?"

"ಏನೈತಿ ಅಂತೀರಲ್ಲ! ಅಪ್ಪಗ ನಾ ಒಬ್ಬಾಕಿ. ಯಾರ ಕೈಯಾಗ ಬುಟ್ಟಿ ಐತೋ ಅವರ ಮಾತು ಈ ಹೊಲದಾಗ ನಡೀತೈತಿ. ಅವನ ಕೈಗೆ ಹೋತಂದ್ರ ಮುಂದ ನಾ ಇಲ್ಲಿ ಬೀಗರಂಗ ಬಂದು ಉಂಡು ಹೋಗಬೇಕಾಗತೈತಿ."

ಅವಳು ಬುಟ್ಟಿಯ ಸುದ್ದಿ ಹೇಳುತ್ತಿದ್ದರೂ ಕಣ್ಣು ನನ್ನ ಕಂಬಳಿಯ ಮೇಲಿತ್ತು. ಒಳಗೆ ದುರ್ಬೀನು ಇರುವುದು ಅವಳಿಗೆ ಗೊತ್ತು. "ಗಟ್ಟಿಯಾಗಿ ಕೂಗತೀನಿ, ಚಿಂತಿ ಮಾಡಬ್ಯಾಡ" ಎಂದೆ. ಮಾತಿಗೆ ತಪ್ಪುವ ಆಸಾಮಿಯಲ್ಲ ನಾನು. ಹೇಳಿದ ದಿನಕ್ಕೆ ಅಂಗಿ ಕೊಡುವ ದರ್ಜಿ ಇಡೀ ತಾಲೂಕಿನಲ್ಲಿ ನಾನೊಬ್ಬನೇ.

ಪೂಜೆಯಾಯಿತು. ಮಾವನವರು ಬುಟ್ಟಿಯನ್ನು ನನ್ನ ಕೈಗಿತ್ತು, ತಮ್ಮ ಗಂಟಲು ಮುಟ್ಟಿ ತೋರಿಸಿ, ಕೈ ಮೇಲೆತ್ತಿದರು. ಗಟ್ಟಿಯಾಗಿ ಅಂತ ಅರ್ಥ. ಮೊದಲ ಬದುವಿನುದ್ದಕ್ಕೂ ನಾನು ಕೂಗಿದ ಕೂಗಿಗೆ ಬಂಡಿಯ ಎತ್ತುಗಳು ಕಿವಿ ನಿಮಿರಿಸಿದವು. ಹಿಂದೆ ಗಂಗವ್ವ "ಸಲಾಂಬ್ರಿಗೋ" ಅನ್ನುವಾಗ ಅವಳ ದನಿಯಲ್ಲೇ ಸಂತೋಷವಿತ್ತು. ಎರಡನೆಯ ಬದುವಿಗೂ ಕಮ್ಮಿ ಬೀಳಲಿಲ್ಲ. ಮೂಲೆ ತಿರುಗಿದೆವು. ಜೋಳ ಆಳೆತ್ತರ, ಅದರಾಚೆ ಇಳಿಜಾರಿನಲ್ಲಿ ಕಡ್ಲಿ. ಬನ್ನಿಗಿಡದ ಕೆಳಗಿದ್ದವರಿಗೆ ಅದು ಕಾಣುವಂತಿಲ್ಲ.

ಕಡ್ಲಿಯಲ್ಲಿ ಕರ್ಕರಗಳು ಇಳಿದಿದ್ದವು. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದುದರಿಂದ ನನ್ನ ಕೂಗು ಅವುಗಳನ್ನು ಮುಟ್ಟಿರಲಿಕ್ಕಿಲ್ಲ. ತಲೆ ತಗ್ಗಿಸಿ ಮೇಯುತ್ತಿದ್ದವು. ನಡುವೆ ಒಂದು, ಒಂದೇ ಒಂದು, ಬಾಕಿಯವಕ್ಕಿಂತ ಒಂದು ಗೇಣು ಎತ್ತರ. ಬಿಳೀ ಕುಚ್ಚಿಲ್ಲ. ನೆತ್ತಿಯ ಮೇಲೆ ಕೆಂಪು ತೇಪೆಯ ಹಾಗೆ ಏನೋ. ಇಂಥದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬಾಯಿ ತೆರೆದೆ. ಚರಗದ ಕೂಗನ್ನು ನಡುವೆ ನಿಲ್ಲಿಸಬಾರದೆಂದು ಗೊತ್ತು, ಕೂಗಿದರೆ ಹಾರುತ್ತವೆಂದೂ ಗೊತ್ತು. ಕಡೆಗೆ ಪಿಸುಮಾತಿನಲ್ಲಿ "ಹುಲ್ಲುಲ್ಲಿಗೋ" ಎಂದೆ.

"ಯಾಕ್ರೀ, ನಿಮಗೂ ಗಂಟಲ ಕುಂತತೇನು?" ಎಂದಳು ಗಂಗವ್ವ.

"ಶ್! ಅಲ್ಲಿ ನೋಡು."

"ಅಯ್ಯ ಶಿವನ! ನಮ್ಮ ಕಡ್ಲಿ ತಿನ್ನಾಕತ್ತಾವ್ರೀ!"

"ತಡಿ, ಒಂದು ದೊಡ್ಡದೈತಿ. ಯಾವದಂತ ತಿಳೀವಲ್ದು."

ಗಿಡದ ಕಡೆಯಿಂದ ಬಸಲಿಂಗನ ದನಿ ಬಂತು: "ದೊಡ್ಡಪ್ಪಾ, ಚರಗ ನಡುವ ನಿಂತತಲ್ಲೋ! ಅಳಿಯಂದೇರು ಅಲ್ಲೇ ಅಂಗಿ ಹೊಲ್ಯಾಕ ಕುಂತ್ರೇನು, ನೋಡಿ ಬರತೀನಿ." ಜೋಳದ ಎಲೆ ಸರಬರ ಅಂದವು. ನನ್ನ ಒಂದು ಕೈಯಲ್ಲಿ ಮಾವನವರ ಬುಟ್ಟಿ, ಇನ್ನೊಂದರಲ್ಲಿ ಸಾಹೇಬನ ದುರ್ಬೀನು. ಒಂದೇ ಹೊತ್ತಿನಲ್ಲಿ ಕೂಗುವುದಕ್ಕೂ ನೋಡುವುದಕ್ಕೂ ಮನುಷ್ಯನಿಗೆ ಬೇರೆಬೇರೆ ಅಂಗಗಳನ್ನು ಕೊಟ್ಟಿದ್ದಾನೆ ದೇವರು. ಆದರೂ ನನಗೆ ಎರಡೂ ಆಗಲಿಲ್ಲ. ಕಡೆಗೆ ಗಡಿಬಿಡಿಯಲ್ಲಿ ದುರ್ಬೀನು ಎತ್ತಿದೆ. ನೋಡಿದ್ದು ಅದರ ಎಡಗಡೆಯ ಕಣ್ಣಲ್ಲಿ. ಬರೇ ಗಂಜಿ.

ಅಷ್ಟರಲ್ಲಿ ಬುಟ್ಟಿ ನನ್ನ ಕೈಯಿಂದ ಹೋಗಿತ್ತು. ಗಂಗವ್ವ ಅದನ್ನು ಕಸಿದು ಸೊಂಟಕ್ಕಿಟ್ಟು, ಹಿಡಿ ತುಂಬ ಅನ್ನ ಎರಚಿ, "ಹುಲ್ಲುಲ್ಲಿಗೋ" ಎಂದಳು. ಉತ್ತರ ಕೊಡುವವರಿಲ್ಲದೆ "ಸಲಾಂಬ್ರಿಗೋ" ಎಂದು ತಾನೇ ಕೂಗಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಹಿಂಡಿಗೆ ಹಿಂಡೇ ಎದ್ದಿತು. ತಲೆಯ ಮೇಲೆ ಕರ್ ಕರ್ ಎಂಬ ಸದ್ದು, ನೆಲದ ತುಂಬ ನೆರಳು.

ಬಸಲಿಂಗ ಬಂದ. ಹಿಂದೆಯೇ ಮಾವನವರೂ ಬಂದರು. "ತಾ ಬೇ ಗಂಗೀ, ಉಳಿದದ್ದು ನಾ ಮುಗಸ್ತೀನಿ" ಎಂದು ಬಸಲಿಂಗ ಕೈ ಚಾಚಿದ. "ಹೆಣಮಕ್ಳು ಚರಗ ಚೆಲ್ಲೂದು ಎಲ್ಲೈತಿ, ದೊಡ್ಡಪ್ಪಾ?"

ಮಾವನವರು ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ದುರ್ಬೀನು ನೋಡಿದರು. ಆಮೇಲೆ ಮುಖವೆತ್ತಿ ಆಕಾಶ ನೋಡಿದರು.

"ಅವೇನು ಕೇಳಿದ್ವೇನಲೇ, ಕೂಗಿದ್ದು ಗಂಡೋ ಹೆಣ್ಣೋ ಅಂತ?" ಎಂದರು. ದನಿಯಿಲ್ಲದ ಗಾಳಿಯಷ್ಟೇ ಬಂತು, ಆದರೂ ಎಲ್ಲರಿಗೂ ಕೇಳಿತು. "ಎದ್ದು ಹೋದ್ವಿಲ್ಲೋ? ಆಕಿನ ಮುಗಸ್ಲಿ. ಇನ್ನ ಮ್ಯಾಲ ಬುಟ್ಟಿ ಆಕೀದು." ನೆಲದ ಮೇಲೆ ಉರುಳಿದ್ದ ತಂಬಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ನೀ ಹಿಂದ ನಡಿ."

ಪಿಸುಮಾತಿನ ತಕರಾರಿಗೆ ಪಿಸುಮಾತಿನಲ್ಲೇ ಫೈಸಲಾ ಆಯಿತು.

ನಾನು ಹಿಂದೆ ನಡೆದೆ. ಅಭಿಮಾನಿ ಮನುಷ್ಯನಿಗೆ ಅದು ಮಾನವೋ ಅವಮಾನವೋ, ಎಷ್ಟು ಅಳೆದರೂ ನನಗೆ ಗೊತ್ತು ಹತ್ತಲಿಲ್ಲ. ಊಟಕ್ಕೆ ಕೂತಾಗ ಗಂಗವ್ವನನ್ನು ಮೆಲ್ಲಗೆ ಕೇಳಿದೆ: "ಆ ದೊಡ್ಡದು ಹಾರುವಾಗ ನೋಡಿದೇನು?" ಅವಳು ಇನ್ನೊಂದು ಕಡಬು ಬಡಿಸುತ್ತ, "ನಾ ಕಣ್ಣು ಮುಚ್ಚಿ ಕೂಗಾಕತ್ತಿದ್ನಿ. ನೀವು ಕಣ್ಣು ಬಿಟ್ಟಿದ್ರೆಲ್ಲ, ನೀವೇ ಹೇಳ್ರಿ" ಎಂದಳು. ನಾನು ಪುಂಡಿಪಲ್ಯ ಬೇಡಿದೆ.

ಆಮೇಲಿನ ಎಳ್ಳಮಾಸಿಗಳಲ್ಲೂ ಅವಳು ಮುಂದೆ, ನಾನು ಹಿಂದೆ. ಅವಳು ಕೂಗುತ್ತಾಳೆ, ನಾನು ಉತ್ತರ ಕೊಡುತ್ತೇನೆ. ನನ್ನ ದನಿಗೆ ಬಸಲಿಂಗನೂ ಈಗ ಕುಂದು ಹೇಳುವುದಿಲ್ಲ. ಅತಿಥಿಗೆ ಎಲೆ ಹಾಕಿ ಎಬ್ಬಿಸಿ ಕಳಿಸುವ ಆ ಆತಿಥ್ಯ ಇನ್ನೂ ತಿಳಿದಿಲ್ಲ. ಅರ್ಥ ತಿಳಿಯದ ಮಾತನ್ನು ಗಟ್ಟಿಯಾಗಿ ಹೇಳುವುದು ಮಾತ್ರ ರೂಢಿಯಾಗಿದೆ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ನೀರು ಚಿಮುಕಿಸಬೇಕು, ದುರ್ಬೀನು ಹಿಡಿಯಲು ಮೂರನೆಯ ಕೈಯಿಲ್ಲ. ಅದು ಬಂಡಿಯಲ್ಲೇ ಉಳಿಯುತ್ತದೆ. ಕರ್ಕರಗಳು ಎದ್ದು ತಲೆಯ ಮೇಲೆ ಹಾಯುವಾಗ ಸುಮ್ಮನೆ ಮುಖ ಎತ್ತುತ್ತೇನೆ. ಅವುಗಳಲ್ಲಿ ಆ ದೊಡ್ಡದು ಇದೆಯೋ ಇಲ್ಲವೋ, ಗುರುತು ಹತ್ತುವುದರೊಳಗೆ ದಾಟಿಹೋಗಿರುತ್ತವೆ. ಆದರೆ ಎರಡೂ ಕಣ್ಣಿಗೆ ಕಾಣುತ್ತವೆ.