ಮೇಷ್ಟ್ರ ಕೈಗೆ ಕೊಟ್ಟ ಬೆಸುಗೆ

ಮೊನ್ನೆ ಶನಿವಾರ ಪಕ್ಕದ ಮನೆಯ ಗೇಟಿಗೆ ಯಾರೋ ವೆಲ್ಡಿಂಗ್ ಮಾಡುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಮೇಷ್ಟ್ರು ನೆನಪಾದರು...

ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದ ಮೊದಲ ವರ್ಷ ಅದು. ಮೈಸೂರಿನ ಬಿ.ಇ. ಹಿಡಿದುಕೊಂಡು ಅರ್ಜಿ ಹಾಕಿ ಹಾಕಿ ಸುಸ್ತಾಗಿ, ಕೊನೆಗೆ ನಗರದಂಚಿನ ಸ್ಯಾಲಿಸ್‌ಬರಿಯ ಒಂದು ಕಸುಬಿನ ಕಾಲೇಜಿಗೆ ವೆಲ್ಡಿಂಗ್ ಕಲಿಯಲು ಸೇರಿದ್ದೆ. ಊರಿಗೆ ಫೋನ್ ಮಾಡಿದಾಗ ಮಾತ್ರ "ಮಾಸ್ಟರ್ಸ್ ಮಾಡ್ತಿದೀನಿ" ಎನ್ನುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ರಾಗವಾಗಿ ಓದಿದವರು ನಾವು. ಕೆಸರು ಮಾತ್ರ ಬೇರೆಯವರ ಕೈಗೇ ಆಗಬೇಕು.

ಅಲ್ಲಿ ಕಲಿಸುತ್ತಿದ್ದ ಮೇಷ್ಟ್ರು ಅಮೆರಿಕದ ದಕ್ಷಿಣ ಭಾಗದಿಂದ ಬಂದು ನೆಲೆಸಿದ್ದ ಕಪ್ಪು ಜನಾಂಗದವರು. ಬಿಳಿಯರ ಕಾಲೇಜುಗಳು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ಅವರ ಜನ ತಮಗಾಗಿ ಕಟ್ಟಿಕೊಂಡಿದ್ದ ಕಾಲೇಜೊಂದರಲ್ಲಿ ಕಸುಬು ಕಲಿತವರು. ಆ ಕಟ್ಟಡದ ಇಟ್ಟಿಗೆಯನ್ನೂ ವಿದ್ಯಾರ್ಥಿಗಳೇ ಸುಟ್ಟಿದ್ದರಂತೆ. ಅದನ್ನು ಹೇಳುವಾಗ ಅವರ ಬೆನ್ನು ನೆಟ್ಟಗಾಗುತ್ತಿತ್ತು. ನನಗೋ, ಬಸ್ ಸ್ಟಾಪಿನಲ್ಲಿ ಮಸಿ ಮೆತ್ತಿದ ನನ್ನ ಬೂಟನ್ನು ಯಾರಾದರೂ ಕನ್ನಡದವರು ನೋಡಿಬಿಟ್ಟರೆ ಎಂಬ ಭಯ.

ತಮ್ಮ ಕಾಲೇಜಿನಿಂದ ಒಂದು ಪದ್ಧತಿಯನ್ನೂ ಅವರು ತಂದಿದ್ದರು. ಕೋರ್ಸಿನ ಕೊನೆಯ ದಿನ ಮನೆಯವರು ಬರಬೇಕು. ಕಲಿತವನು ತಾನು ಬೆಸೆದ ಕಬ್ಬಿಣದ ತುಂಡೊಂದನ್ನು ಅವರ ಕೈಗೆ ಕೊಡಬೇಕು. ನಾನು ಹೆಂಡತಿಗೆ ಆ ದಿನದ ಸುದ್ದಿ ಹೇಳಲೇ ಇಲ್ಲ. ಬಂದರೆ ಫೋಟೊ ತೆಗೆಯುತ್ತಾಳೆ, ಫೋಟೊ ಮೈಸೂರಿಗೆ ಹೋಗುತ್ತದೆ, ಆಮೇಲೆ ಅಪ್ಪನಿಗೆ ಏನು ಹೇಳಲಿ...

"ನಿನ್ನ ಮನೆಯವರೆಲ್ಲಿ?" ಎಂದು ಮೇಷ್ಟ್ರು ಕೇಳಿದರು.

"ಹೆಂಡತಿಗೆ ಡ್ಯೂಟಿ ಇದೆ ಸರ್."

ಅವಳು ಮನೆಯಲ್ಲೇ ಇದ್ದಳು. ಮೇಷ್ಟ್ರು ಕೈಗವಸು ತೆಗೆದು ಎರಡೂ ಕೈ ಚಾಚಿ, "ಹಾಗಾದರೆ ನನಗೇ ಕೊಡು" ಎಂದರು. ಕೊಟ್ಟೆ. ಉಳಿದವರ ಮಕ್ಕಳು, ಹೆಂಡಿರು ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತ್ತು.

ಇವತ್ತಿಗೂ ನಮಗೆ ಅನ್ನ ಹಾಕುತ್ತಿರುವುದು ಆ ಕಸುಬೇ. ಮೇಷ್ಟ್ರ ಬಳಿ ಹೋಗಿ ನಿಜ ಹೇಳಿಬರಬೇಕೆಂದು ಎಷ್ಟು ಸಲ ಅಂದುಕೊಂಡೆನೋ. ಶಿಫ್ಟು, ಮಕ್ಕಳು, ಸೊಂಟನೋವು... ನೆಪಗಳಿಗೆ ಬರವೇ? ಹೋದ ವರ್ಷ ಮೇಷ್ಟ್ರು ತೀರಿಕೊಂಡರೆಂದು ಜೊತೆಗೆ ಕಲಿತವನೊಬ್ಬ ಹೇಳಿದ. ಇನ್ನು ಹೇಳೋಣವೆಂದರೆ ಅವರಿಲ್ಲ.

ಮೊನ್ನೆ ತಡೆಯಲಾಗದೆ ಹೆಂಡತಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸ್ಟೌ ಆರಿಸಿ ಬಂದು ಎದುರಿಗೆ ಕೂತಳು.

"ಒಂದ್ ಮಾತು ಹೇಳಿದ್ರೆ," ಎಂದಳು, "ಸೀರೆ ಉಟ್ಕೊಂಡ್ ಬರ್ತಿದ್ನಲ್ರೀ ನಾನು."